ಮೊದಲ ಸಲ ಮಡಚುವ ಕ್ಷೌರದ ಕತ್ತಿ ಕೊಳ್ಳಬೇಕು, 5,000 ರೂಪಾಯಿಯೊಳಗೆ ಏನೇನು ತಗೊಳ್ಳಲಿ?

ತುಂಗಾದಂಡೆ
ಎಲ್ಲರಿಗೂ ನಮಸ್ಕಾರ. ನಂದು ಒರಟು ಗಡ್ಡ. ಮೂರು ಬ್ಲೇಡಿನ ಕಾರ್ಟ್ರಿಜ್‌ನಲ್ಲಿ ತೆಗೆದರೆ ಎರಡೇ ದಿನಕ್ಕೆ ಕತ್ತಿನ ಹತ್ತಿರ ಕೂದಲು ಒಳಗೇ ಬೆಳೆದು ಗುಳ್ಳೆ ಏಳುತ್ತದೆ. ಅದಕ್ಕೇ ಹಳೇ ಕಾಲದ ಸ್ಟ್ರೇಟ್ ರೇಜರ್ ಕಲಿಯೋಣ ಅಂತ. ಆಸೆಯೂ ಇದೆ, ಸುಳ್ಳು ಯಾಕೆ. ಆನ್‌ಲೈನ್‌ನಲ್ಲಿ 200 ರೂಪಾಯಿಂದ 20,000ದವರೆಗೂ ಇದೆ, ಫೋಟೋದಲ್ಲಿ ಎಲ್ಲ ಒಂದೇ ಥರ ಕಾಣುತ್ತೆ. ಡಮಾಸ್ಕಸ್ ಸ್ಟೀಲ್ ಅಂತ ಅಲೆ ಅಲೆ ಡಿಸೈನ್ ಇರೋದು, ಮರದ ಹಿಡಿ, ಚರ್ಮದ ಚೀಲ ಎಲ್ಲ ಸೇರಿ 1,200ಕ್ಕೆ ಕಾರ್ಟ್‌ನಲ್ಲಿ ಹಾಕಿಟ್ಟಿದ್ದೇನೆ. ತಗೊಳ್ಳಲಾ? ಮಸೆಯೋ ಕಲ್ಲು, ಚರ್ಮದ ಪಟ್ಟಿ, ಸೋಪು, ಬ್ರಶ್ ಎಲ್ಲ ಸೇರಿ ಬಜೆಟ್ 5,000. ಊರು ಶಿವಮೊಗ್ಗ.

ಸಾಣೆಕಲ್ಲು
ಮೊದಲು ಅದನ್ನು ಕಾರ್ಟ್‌ನಿಂದ ತೆಗೀರಿ. ಅದು ಶೋಕೇಸ್‌ನಲ್ಲಿ ಇಡೋ ಸಾಮಾನು, ಗಡ್ಡ ತೆಗೆಯೋದಲ್ಲ.

ಕಾರಣ ಹೇಳ್ತೀನಿ. ಈ ಕತ್ತಿ ಮಸೆಯುವಾಗ ಬೆನ್ನು (ಅಲಗಿನ ದಪ್ಪ ಬದಿ), ಬಾಯಿ (ಹರಿತ ಬದಿ) ಎರಡೂ ಕಲ್ಲಿಗೆ ಒಟ್ಟಿಗೆ ತಾಗಬೇಕು. ಬೆನ್ನಿನ ದಪ್ಪ ಎಷ್ಟು, ಅಲಗಿನ ಅಗಲ ಎಷ್ಟು ಅನ್ನೋದರ ಮೇಲೆಯೇ ಕೋನ ನಿಲ್ಲುತ್ತದೆ, ಸುಮಾರು 16-17 ಡಿಗ್ರಿ. ಕೈ ಅಂದಾಜಿನಲ್ಲಿ ಕೋನ ಹಿಡಿಯೋ ಕೆಲಸವೇ ಇಲ್ಲ. ಆ 1,200ರ ಕತ್ತಿಗಳಲ್ಲಿ ಬೆನ್ನೇ ಡೊಂಕು ಇರುತ್ತದೆ, ಯಾವ ಕಲ್ಲಿಗೆ ಉಜ್ಜಿದರೂ ಬಾಯಿ ಒಂದೇ ಸಮ ಬರಲ್ಲ. ಚೀನಾದ ಗೋಲ್ಡ್ ಡಾಲರ್ ಕಂಪನಿಯ ಕತ್ತಿ ಇದಕ್ಕಿಂತ ವಾಸಿ, ಸ್ಟೀಲ್ ಚೆನ್ನಾಗಿದೆ, ಆದರೆ ಬುಡದಲ್ಲಿ ದಪ್ಪ ಜಾಸ್ತಿ ಇರೋದರಿಂದ ಕಲ್ಲಿನ ಮೇಲೆ ಅಲಗು ಎದ್ದು ನಿಲ್ಲುತ್ತದೆ, ಅದನ್ನ ಉಜ್ಜಿ ಸರಿ ಮಾಡೋದು ಹೊಸಬರ ಕೈಲಿ ಆಗಲ್ಲ.

ಹೊಸ ಜರ್ಮನ್ ಕತ್ತಿ, ಅಂದರೆ ಜೋಲಿಂಗನ್ ಊರಿನ ಡೋವೊ, ರಾಲ್ಫ್ ಔಸ್ಟ್ ಥರದ್ದು, ಇಲ್ಲಿಗೆ ತರಿಸಿದರೆ ಹತ್ತು ಸಾವಿರ ದಾಟುತ್ತದೆ. ನಿಮ್ಮ ಬಜೆಟ್‌ಗೆ ಹಳೇದೇ ಸರಿ. ಜೋಲಿಂಗನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು ಕೆತ್ತಿರೋದು, 5/8 ಇಂಚು ಅಗಲ, ತುದಿ ದುಂಡಗಿರೋದು. ಚೂಪು ತುದಿಯದು ಬೇಡವೇ ಬೇಡ, ಕಿವಿ ಹತ್ತಿರ ಗೀರಿಬಿಡುತ್ತೆ. ಈ ಹವ್ಯಾಸ ಇರೋರೇ ಮಸೆದು, ತಾವೇ ಒಂದು ಸಲ ಗಡ್ಡ ತೆಗೆದು ನೋಡಿ ಮಾರುತ್ತಾರೆ, ಅಂಥವರ ಹತ್ತಿರ ತಗೊಳ್ಳಿ. ಕಂಪನಿಯಿಂದ ಬಂದ ಹೊಸ ಕತ್ತಿ ಕೂಡ ಎಷ್ಟೋ ಸಲ ಗಡ್ಡಕ್ಕೆ ಸಾಕಾಗುವಷ್ಟು ಹರಿತ ಇರಲ್ಲ.

ಬೆಂಗಳೂರಿಗೆ ಬಂದರೆ ಸಂಡೇ ಬಜಾರ್‌ನಲ್ಲಿ ಹಳೇವು ಸಿಕ್ಕರೂ ಸಿಗಬಹುದು. ಬೆನ್ನ ಮೇಲೆ ತುಕ್ಕಿದ್ದರೆ ಪರವಾಗಿಲ್ಲ. ಬಾಯಿ ಹತ್ತಿರ ಚುಕ್ಕಿ ಚುಕ್ಕಿ ತುಕ್ಕು, ಕೂದಲೆಳೆಯಷ್ಟೇ ಬಿರುಕು, ಅಲಗು ನಡುವೆ ಒಳಕ್ಕೆ ಸವೆದಿರೋದು, ಇದರಲ್ಲಿ ಯಾವುದೊಂದು ಇದ್ದರೂ ವಾಪಸ್ ಇಟ್ಟುಬಿಡಿ. ಬೆಳಕಿಗೆ ಹಿಡಿದು ಬೆನ್ನಿನ ಎರಡೂ ಬದಿ ಸವೆದಿರೋ ಗೆರೆ ನೋಡಿ, ಒಂದು ಕಡೆ ಅಗಲ ಒಂದು ಕಡೆ ಸಣ್ಣ ಇದ್ದರೆ ಯಾರೋ ವಕ್ರವಾಗಿ ಮಸೆದಿದ್ದಾರೆ ಅಂತ.

ಕಲ್ಲು ಈಗ್ಲೇ ಬೇಡ. 1000, 4000, 8000 ಗ್ರಿಟ್ (ಕಲ್ಲು ಎಷ್ಟು ನುಣುಪು ಅನ್ನೋ ಲೆಕ್ಕ, ಬೆಲೆ ಅಲ್ಲ) ಅಂತ ಮೂರು ತಗೊಂಡರೆ ಬಜೆಟ್ ಅಲ್ಲೇ ಮುಗೀತು. ಪಟ್ಟಿಗೆ ಸರಿಯಾಗಿ ಎಳೆಯೋದು ಗೊತ್ತಿದ್ದರೆ ಒಂದು ಸಲ ಮಸೆದಿದ್ದು ತಿಂಗಳುಗಟ್ಟಲೆ ಬರುತ್ತದೆ.

ಹುಬ್ಳಿಹುಡುಗ
ಅಷ್ಟೆಲ್ಲಾ ಯಾಕ್ರಿ? ಕಟಿಂಗ್ ಶಾಪ್‌ನಲ್ಲಿ ಇರ್ತದಲ್ಲ, ಅರ್ಧ ಬ್ಲೇಡ್ ಹಾಕೋ ಕತ್ತಿ, ಶೇವೆಟ್ ಅಂತಾರೆ, 200 ರೂಪಾಯಿ. ಬ್ಲೇಡ್ ಎರಡು ತುಂಡು ಮಾಡಿ ಹಾಕ್ರಿ, ಮುಗೀತು. ಕಲ್ಲು ಇಲ್ಲ, ಪಟ್ಟಿ ಇಲ್ಲ. ಇದರಲ್ಲಿ ಕೈ ಕೂತ ಮೇಲೆ ದೊಡ್ಡದು ನೋಡಿದರಾಯ್ತು.

ಕನ್ನಡಿಮುಂದೆ
ಶೇವೆಟ್‌ನಲ್ಲಿ ಕಲಿತು ಆಮೇಲೆ ಕತ್ತಿಗೆ ಬರೋದು ಅಂತ ಎಲ್ಲರೂ ಹೇಳ್ತಾರೆ, ನನಗೆ ಒಪ್ಪಿಗೆ ಇಲ್ಲ. ನಮ್ಮಪ್ಪಂದು ಕಟಿಂಗ್ ಶಾಪ್. ಕುರ್ಚಿಯ ಕೈಗೆ ಚರ್ಮದ ಪಟ್ಟಿ ನೇತುಹಾಕಿರುತ್ತಿದ್ದರು. ಎಚ್‌ಐವಿ ಭಯ ಬಂದ ಮೇಲೆ ಗಿರಾಕಿಗಳೇ ಹೊಸ ಬ್ಲೇಡ್ ಹಾಕಿ ಅಂತ ಕೇಳೋಕೆ ಶುರು ಮಾಡಿದರು, ಅಪ್ಪ ಬ್ಲೇಡನ್ನ ಕಾಗದದಲ್ಲಿ ಇದ್ದಹಾಗೇ ಬಗ್ಗಿಸಿ ಪಟ್ ಅಂತ ಮುರಿದು ಹಾಕುತ್ತಿದ್ದರು. ಎರಡರಲ್ಲೂ ನಾನು ಕೆಲಸ ಮಾಡಿದ್ದೇನೆ. ಬ್ಲೇಡ್ ಬರೀ 0.1 ಮಿಲಿಮೀಟರ್ ದಪ್ಪ, ಶೇವೆಟ್‌ಗೆ ಭಾರವೇ ಇಲ್ಲ, ಕೋನ ಚೂರು ತಪ್ಪಿದರೂ ರಕ್ತ. ನಿಜವಾದ ಕತ್ತಿ ತನ್ನ ಭಾರಕ್ಕೇ ಕೂದಲು ಕತ್ತರಿಸುತ್ತದೆ, ಸಣ್ಣಪುಟ್ಟ ತಪ್ಪನ್ನ ಕ್ಷಮಿಸುತ್ತದೆ. ಖರ್ಚು ಉಳಿಸೋಕೆ ಶೇವೆಟ್ ತಗೊಳ್ಳಿ, ಅದು ಸರಿ. ಸುಲಭ ಅಂತ ತಗೋಬೇಡಿ.

ಕೈ ವಿಚಾರ: ಕತ್ತಿ ಹಿಡಿದ ಕೈಗಿಂತ ಇನ್ನೊಂದು ಕೈಗೇ ಜಾಸ್ತಿ ಕೆಲಸ. ಚರ್ಮ ಬಿಗಿಯಾಗಿ ಎಳೆದು ಹಿಡೀಬೇಕು, ಬೆರಳಿಗೆ ನೊರೆ ಹತ್ತಿ ಜಾರಿದರೆ ಒರೆಸಿಕೊಂಡು ಮತ್ತೆ ಹಿಡೀಬೇಕು. ಕತ್ತಿ ಚರ್ಮಕ್ಕೆ 30 ಡಿಗ್ರಿಯಲ್ಲಿ ಇರಲಿ, ಅಂದರೆ ಬೆನ್ನು ಎಷ್ಟು ದಪ್ಪವೋ ಸುಮಾರು ಅದರ ಎರಡರಷ್ಟು ಚರ್ಮದಿಂದ ಮೇಲೆ. ಒತ್ತಬೇಡಿ. ಮೊದಮೊದಲು ಕೆನ್ನೆ ಮಾತ್ರ ಕತ್ತಿಯಲ್ಲಿ, ಗದ್ದ ಮತ್ತು ಮೇಲ್ತುಟಿ ನಿಮ್ಮ ಮಾಮೂಲಿ ರೇಜರ್‌ನಲ್ಲೇ ಮುಗಿಸಿ. ಅಲಗನ್ನ ಅಡ್ಡಕ್ಕೆ ಜಾರಿಸಬೇಡಿ, ಗಾಯ ಆಗೋದೇ ಅಲ್ಲಿ.

ಪಟ್ಟಿ ಮೂರು ಇಂಚು ಅಗಲದ್ದು ತಗೊಳ್ಳಿ, ಅಗ್ಗದ್ದೇ ಸಾಕು, ಹೇಗೂ ಮೊದಲನೇ ಪಟ್ಟಿಗೆ ಕಚ್ಚು ಬೀಳುತ್ತೆ. ಬೆನ್ನು ಮುಂದೆ, ಬಾಯಿ ಹಿಂದೆ ಇಟ್ಟು ಎಳೀಬೇಕು. ಕೊನೆಗೆ ಹೋದಾಗ ಬೆನ್ನಿನ ಮೇಲೆ ಹೊರಳಿಸಬೇಕು, ಬಾಯಿ ಮೇಲೆ ಹೊರಳಿಸಿದರೆ ಪಟ್ಟಿಯೂ ಹೋಯ್ತು ಹರಿತವೂ ಹೋಯ್ತು. ಪಟ್ಟಿ ಜೋಲದ ಹಾಗೆ ಎಳೆದು ಹಿಡೀರಿ. ಪ್ರತಿ ಸಲ ಗಡ್ಡ ತೆಗೆಯೋ ಮುಂಚೆ ಮೂವತ್ತು ನಲವತ್ತು ಸಲ.

ನೊರೆಪ್ರಿಯ
ಸೋಪಿಗೆ ದುಡ್ಡು ಸುರೀಬೇಡಿ. ಗೋದ್ರೆಜ್, ವಿಜಾನ್ ಟ್ಯೂಬ್ ಕ್ರೀಮ್ ಸಾಕು. ಡಬ್ಬಿಯಲ್ಲಿ ಬರೋ ಫೋಮ್ ಮಾತ್ರ ಬೇಡ, ಬೇಗ ಒಣಗುತ್ತೆ, ಕತ್ತಿ ನಿಧಾನದ ಕೆಲಸ. ಬೋರ್‌ವೆಲ್ ಗಡಸು ನೀರಾದರೆ ನೊರೆ ನಿಲ್ಲಲ್ಲ, ಒಂದು ಲೋಟ ಫಿಲ್ಟರ್ ನೀರಲ್ಲಿ ಕಲಸಿ ನೋಡಿ. ಬ್ರಶ್ ಸಿಂಥೆಟಿಕ್ ತಗೊಳ್ಳಿ, ನಿಮ್ಮ ಕಡೆ ಮಳೆಗಾಲದಲ್ಲಿ ಬೇರೆಯದು ಒಣಗಲ್ಲ. ಅಲ್ಲದೆ ಹಂದಿ ಕೂದಲಿನ ಬ್ರಶ್ ಅಂತ ಮನೇಲಿ ಗೊತ್ತಾದರೆ ಆಮೇಲಿನ ಕತೆ ನೀವೇ ನೋಡ್ಕೊಳ್ಳಿ 😀 ಆಲಂ ಕಲ್ಲು ಗ್ರಂದಿಗೆ ಅಂಗಡಿಯಲ್ಲಿ ಸ್ಫಟಿಕ ಅಂತ ಕೇಳಿದರೆ ಹತ್ತಿಪ್ಪತ್ತು ರೂಪಾಯಿಗೆ ಕೊಡ್ತಾರೆ.

ಇನ್ನೊಂದು ಮಾತು. ಗುಳ್ಳೆಯೇ ಸಮಸ್ಯೆ ಆದರೆ ಕತ್ತಿಯೇ ಆಗಬೇಕಂತಿಲ್ಲ. ಮೂರು ಬ್ಲೇಡಿನಲ್ಲಿ ಮೊದಲನೇದು ಕೂದಲನ್ನ ಮೇಲಕ್ಕೆ ಎಳೆಯುತ್ತೆ, ಹಿಂದಿನದು ಚರ್ಮಕ್ಕಿಂತ ಕೆಳಗೆ ಕತ್ತರಿಸುತ್ತೆ, ಆ ತುದಿ ಒಳಗೇ ಬೆಳೆಯುತ್ತೆ. ಒಂದೇ ಬ್ಲೇಡಿನ ಸೇಫ್ಟಿ ರೇಜರ್‌ನಲ್ಲಿ ಕೂದಲು ಬೆಳೆದ ದಿಕ್ಕಿಗೇ ತೆಗೆದರೆ ಮುಕ್ಕಾಲು ತೊಂದರೆ ಹೋಗುತ್ತೆ. ಕತ್ತಿ ಹಿಡಿದು ನುಣ್ಣಗಾಗಲಿ ಅಂತ ಎದುರು ಕೂದಲಿಗೆ ಎಳೆದರೆ ಅದೇ ಗುಳ್ಳೆ ವಾಪಸ್.

ತುಂಗಾದಂಡೆ
ಎಲ್ಲರಿಗೂ ಥ್ಯಾಂಕ್ಸ್. ಡಮಾಸ್ಕಸ್ ತೆಗೆದೆ. ಸದ್ಯಕ್ಕೆ ಸೇಫ್ಟಿ ರೇಜರ್, ಬ್ರಶ್, ಕ್ರೀಮ್, ಉಳಿದ ದುಡ್ಡು ಹಳೇ 5/8 ಜೋಲಿಂಗನ್ ಸಿಗೋವರೆಗೆ ಎತ್ತಿಡ್ತೀನಿ. ಮಳೆಗಾಲದಲ್ಲಿ ತುಕ್ಕಿಗೆ ಏನು ಮಾಡೋದು? ಕೊಬ್ಬರಿ ಎಣ್ಣೆ ಆಗುತ್ತಾ?

ಸಾಣೆಕಲ್ಲು
ಕೊಬ್ಬರಿ ಎಣ್ಣೆ ಬೇಡ, ಅಂಟಂಟಾಗುತ್ತೆ. ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸಾಕು. ಬಳಸಿದ ಮೇಲೆ ಹಿಡಿಯೊಳಗೆ ಮಡಚೋ ಮುಂಚೆ ತಿರುಗಣಿಯ ಸಂದಿಗೆ ಬಟ್ಟೆ ತೂರಿಸಿ ಒರೆಸಿ, ತುಕ್ಕು ಶುರುವಾಗೋದು ಅಲ್ಲೇ. ಬಚ್ಚಲಲ್ಲಿ ಇಡಬೇಡಿ, ಬಂದ ಚರ್ಮದ ಚೀಲದಲ್ಲೂ ಇಡಬೇಡಿ, ಅದು ತೇವ ಹಿಡಿಯುತ್ತೆ. ಹಾಂ, ವಿಮಾನದಲ್ಲಿ ಹೋದರೆ ಕೈಚೀಲಕ್ಕೆ ಹಾಕ್ಬೇಡಿ, ಸೆಕ್ಯುರಿಟಿಯವರು ಬಿಡಲ್ಲ, ಚೆಕ್-ಇನ್ ಲಗೇಜಿಗೆ ಹಾಕಿ.