ಪದಚರ್ಚೆ: ಕಾರಿನೊಳಗಿನ ಪ್ಲಾಸ್ಟಿಕ್ಕಿನ ಮೇಲೆ ‘ಗೀರು’

ಪ್ರಶ್ನೆ (ತುಮಕೂರು):
ಶಿರಾ ಗೇಟ್ ಕಡೆಯ ಗ್ಯಾರೇಜು ಹುಡುಗರಿಗಾಗಿ ಹಳೇ ಕಾರುಗಳ ಒಳಭಾಗದ ದುರಸ್ತಿಯ ಕನ್ನಡ ಕೈಪಿಡಿಯೊಂದರ ಕರಡು ನೋಡುತ್ತಿದ್ದೇನೆ. ಪ್ಲಾಸ್ಟಿಕ್ಕಿನ ಮೇಲೆ ಏನೇ ಗುರುತು ಬಿದ್ದಿದ್ದರೂ ‘ಗೀರು’ ಎಂದೇ ಬರೆದಿದ್ದಾರೆ. ‘ಟ್ರಿಮ್’ಗೆ ‘ಅಂಚುಪಟ್ಟಿ’ ಎಂದಿದೆ. ಡ್ಯಾಶ್‌ಬೋರ್ಡಿನ ಮೇಲಿನ ಚರ್ಮದಂಥ ಉಬ್ಬುತಗ್ಗಿಗೆ ‘ತರಿ’ ಎಂದಿದೆ. ಈ ಮೂರೂ ನಿಲ್ಲುತ್ತವೆಯೇ?

ಉತ್ತರ (ಚಿಕ್ಕಬಳ್ಳಾಪುರ):
‘ಅಂಚುಪಟ್ಟಿ’ ತೆಗೆಸಿಬಿಡಿ ಸರ್. ಬಾಗಿಲಿನ ಒಳಮೈಯನ್ನೆಲ್ಲ ಮುಚ್ಚುವ ವಸ್ತು ಅಂಚು ಹೇಗಾದೀತು? ಡೋರ್ ಪ್ಯಾಡ್, ಪಿಲ್ಲರ್ ಕವರ್, ಕನ್ಸೋಲ್ ಎಂದು ಆಯಾ ಭಾಗದ ಹೆಸರನ್ನೇ ಬರೆದರೆ ಹುಡುಗರಿಗೆ ತಿಳಿಯುತ್ತದೆ.

‘ಗೀರು’ ಮಾತ್ರ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ, ಏಕೆಂದರೆ ಆ ಪದ ಓದಿದವನ ಕೈ ನೇರ ವಾಟರ್ ಪೇಪರಿಗೆ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹೋಗುತ್ತದೆ. ಉಗುರನ್ನು ಅಡ್ಡಲಾಗಿ ಎಳೆದಾಗ ಸಿಕ್ಕಿಕೊಂಡರೆ ಅದು ಗೀರು, ಅಲ್ಲಿ ಪ್ಲಾಸ್ಟಿಕ್ ಕಿತ್ತುಹೋಗಿದೆ. ಉಗುರು ಜಾರಿಹೋಗಿ ಬೆಳ್ಳಗಷ್ಟೇ ಕಂಡರೆ ‘ಬಿಳಿಗೆರೆ’ ಎನ್ನಿ. ಟಾಲ್ಕ್ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ (ಪಿಪಿ) ಪ್ಲಾಸ್ಟಿಕ್ ಒತ್ತಡಕ್ಕೆ ಹಾಗೆ ಬೆಳ್ಳಗಾಗುತ್ತದೆ, ವಸ್ತು ಅಲ್ಲೇ ಇರುತ್ತದೆ. ಅದಕ್ಕೆ ಪೇಪರ್ ಹಾಕಿದರೆ ಸುತ್ತಲಿನ ಮೈಯೂ ಕೆಟ್ಟಿತು. ಹೀಟ್ ಗನ್ ಕಡಿಮೆ ಬಿಸಿಗಿಟ್ಟು, 15 ಸೆಂ.ಮೀ. ದೂರದಿಂದ, ಒಂದೆಡೆ ನಿಲ್ಲಿಸದೆ ಆಡಿಸುತ್ತ ಐದಾರು ಸೆಕೆಂಡು ಕಾಯಿಸಿ, ಬಿಟ್ಟು, ನೋಡಬೇಕು. ಎಷ್ಟೋ ಸಲ ಬಣ್ಣ ಮರಳುತ್ತದೆ. ಹೊಳಪು ಏರತೊಡಗಿದರೆ ಉಬ್ಬುತಗ್ಗು ಕರಗುತ್ತಿದೆ ಎಂದರ್ಥ, ಅದು ಮತ್ತೆ ಬಾರದು. ಮೊದಲು ಭಾಗ ಬಿಚ್ಚಿ ಹಿಂಬದಿಯ ಅಚ್ಚೊತ್ತಿದ ಗುರುತು ಓದಿಕೊಳ್ಳಿ: ಪಿಪಿ ಎಂದಿದ್ದರೆ ಕರಗುವುದು ಸುಮಾರು 160 ಡಿಗ್ರಿಗೆ, ಎಬಿಎಸ್ (ಇನ್ನೊಂದು ಬಗೆಯ ಪ್ಲಾಸ್ಟಿಕ್) ಎಂದಿದ್ದರೆ 100ರ ಆಸುಪಾಸಿನಲ್ಲೇ ಮೆತ್ತಗಾಗಿ ಬಾಗುತ್ತದೆ. ಎಬಿಎಸ್ಸಿಗೆ ಥಿನ್ನರ್ ಮುಟ್ಟಿಸಲೇಬೇಡಿ.

ಚಪ್ಪಲಿಯ ರಬ್ಬರು ಅಂಟಿದ ಕಪ್ಪು ಗುರುತು ಇವೆರಡೂ ಅಲ್ಲ. ಅದು ಬರೀ ‘ಕಲೆ’, ಸೋಪು ನೀರಲ್ಲಿ ಹೋಗುತ್ತದೆ.

ನಿಜವಾದ ಗೀರಿಗೆ ತುಂಬುವ ಕೆಲಸ ಬೇಕು. ಡ್ಯಾಶ್‌ಬೋರ್ಡ್ ಪಾಲಿಶ್‌ನ ಸಿಲಿಕೋನ್ ಉಳಿದಿದ್ದರೆ ಬಣ್ಣ ಗುಳಿಗುಳಿಯಾಗಿ ಒಡೆಯುತ್ತದೆ, ಆದ್ದರಿಂದ ಸೋಪು ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. 400 ನಂಬರ್ ಪೇಪರನ್ನು ನೀರು ಹಾಕಿಯೇ ಆಡಿಸಬೇಕು, ಒಣಗಿದ್ದಲ್ಲಿ ಪಿಪಿ ನಾರುನಾರಾಗಿ ಏಳುತ್ತದೆ. ಟಿಂಕರಿಂಗ್ ಅಂಗಡಿಯ ತಗಡಿನ ಪುಟ್ಟಿ ಇಲ್ಲಿ ಸಲ್ಲ. ಪಿಪಿ ಬಾಗುತ್ತದೆ, ಪುಟ್ಟಿ ಬಾಗದು, ಬಾಗಿಲು ಹತ್ತು ಸಲ ಬಡಿದರೆ ಚಕ್ಕೆಯಾಗಿ ಬಿದ್ದೀತು. ಪಿಪಿಗೆ ಪ್ಲಾಸ್ಟಿಕ್ ಪ್ರೈಮರ್ ಮೊದಲು, ಆಮೇಲೆ ಬಾಗುವ ಎರಡು ಟ್ಯೂಬಿನ ಫಿಲ್ಲರ್. ಪ್ರೈಮರ್ ಇಲ್ಲದೆ ಪಿಪಿಗೆ ಬಣ್ಣವೂ ಹಿಡಿಯದು, ಅಂಟೂ ಹಿಡಿಯದು. ಒಣಗಿದ ಮೇಲೆ 600 ನಂಬರ್ ಪೇಪರ್, ಮತ್ತೆ ಪ್ರೈಮರ್, ಬಣ್ಣ ತೆಳ್ಳಗೆ ಎರಡು ಮೂರು ಸಲ, ನಡುವೆ 10–15 ನಿಮಿಷ ಬಿಡುವು.

‘ತರಿ’ ಎಂದರೆ ರವೆಯಂತೆ ಎದ್ದುನಿಂತದ್ದು, ಚರ್ಮದ ಸುಕ್ಕಿಗೆ ಒಗ್ಗದು. ‘ಅಚ್ಚು’ ಎನ್ನಬಹುದೇನೋ. ಆ ಸುಕ್ಕು ಕಾರ್ಖಾನೆಯ ಅಚ್ಚಿನಿಂದಲೇ ಬಂದದ್ದು. ದುರಸ್ತಿಯಲ್ಲೂ ಚೆನ್ನಾಗಿರುವ ಜಾಗದ ಮೇಲೆ ಸಿಲಿಕೋನ್ ರಬ್ಬರು ಹಚ್ಚಿ ಅಚ್ಚು ತೆಗೆದು, ಹಸಿ ಫಿಲ್ಲರಿನ ಮೇಲೆ ಒತ್ತುತ್ತಾರೆ. ಸಾಲಿಗೆ ಸಾಲು ಕೂಡದಿದ್ದರೆ ಪಕ್ಕಕ್ಕೆ ಬೆಳಕು ಬಿದ್ದಾಗ ತೇಪೆ ಎದ್ದು ಕಾಣುತ್ತದೆ.

ಸೇರ್ಪಡೆ (ಕೋಲಾರ):
ಮೇಲಿನದಕ್ಕೆ ಒಂದು ಮಾತು. ಕರಡಿನಲ್ಲಿ ‘ಒಣಬಟ್ಟೆಯಿಂದ ಉಜ್ಜಿ’ ಎಂದಿದ್ದರೆ ತಿದ್ದಿಸಿ. ನಮ್ಮ ಕಡೆಯ ಕಲ್ಲು ಕ್ವಾರಿ, ಕ್ರಷರ್‌ಗಳ ಧೂಳಿನಲ್ಲಿ ಸ್ಫಟಿಕಶಿಲೆಯ ಪುಡಿ ಇರುತ್ತದೆ. 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಅದರ ಗಡಸುತನ 7, ಯಾವ ಪ್ಲಾಸ್ಟಿಕ್ಕೂ ಅದರ ಮುಂದೆ ನಿಲ್ಲದು. ಉಜ್ಜಿದರೆ ಹೊಳೆಯುವ ಕಪ್ಪು ಕನ್ಸೋಲಿನ ತುಂಬ ಹೊಸ ಕೂದಲೆಳೆ ಗೀರು. ‘ಬ್ರಷ್‌ನಿಂದ ಕೊಡವಿ, ಒದ್ದೆ ಮೈಕ್ರೊಫೈಬರ್ ಬಟ್ಟೆಯಿಂದ ಒತ್ತದೆ ಒರೆಸಿ’ ಎಂದಾಗಲಿ. ಆ ಕೂದಲೆಳೆ ಗೀರಿಗೆ ಫಿಲ್ಲರ್ ಬೇಕಿಲ್ಲ: ಅಚ್ಚಿಲ್ಲದ ನುಣ್ಣನೆ ಮೈಯಾದರೆ 2000, 3000 ನಂಬರ್ ಪೇಪರನ್ನು ನೀರಲ್ಲಿ ಆಡಿಸಿ, ಪ್ಲಾಸ್ಟಿಕ್ ಪಾಲಿಶ್ ಹಚ್ಚಿದರೆ ಸಾಕು. ಕೊಬ್ಬರಿ ಎಣ್ಣೆ ಹಚ್ಚುವ ಸಲಹೆ ಕರಡಿನಲ್ಲಿದ್ದರೆ ಅದನ್ನೂ ಹೊಡೆದುಹಾಕಿ. ಗೀರು ಎರಡು ದಿನ ಮರೆಯಾಗುತ್ತದೆ, ಎಣ್ಣೆಗೆ ಅಂಟಿದ ಅದೇ ಧೂಳು ಮುಂದಿನ ಸಲ ಒರೆಸುವಾಗ ಮತ್ತೆ ಗೀರುತ್ತದೆ.