ಗಂಟುಮೂಟೆ, ಬ್ಯಾಟರಿ, ಹವಳ: ಅಂಡಮಾನಿಗೆ ಹೊರಟವರ ಪಟ್ಟಿಗೆ ಪದ ಬೇಕು

ಗೆಳೆಯರೇ,

ನಮ್ಮ ಬಡಾವಣೆಯ ಹಿರಿಯರ ತಂಡ ಜನವರಿಯಲ್ಲಿ ಅಂಡಮಾನಿಗೆ ಹೊರಟಿದೆ. ಹೆಚ್ಚಿನವರಿಗೆ ಇದೇ ಮೊದಲ ವಿಮಾನ ಪ್ರಯಾಣ. ಏನೇನು ಒಯ್ಯಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುವ ಕೆಲಸ ನನ್ನದು. ಓದಿದ ತಕ್ಷಣ ತಿಳಿಯಬೇಕು, ತಪ್ಪು ಅರ್ಥ ಆಗಬಾರದು. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲನೆಯದು ಪ್ಯಾಕಿಂಗ್. ತಟ್ಟನೆ ನೆನಪಾಗುವುದು ‘ಗಂಟುಮೂಟೆ ಕಟ್ಟು’. ಆದರೆ ಅದನ್ನು ಈಗ ಕೆಲಸ ಕಳೆದುಕೊಂಡವರಿಗೆ, ಟೂರ್ನಿಯಲ್ಲಿ ಸೋತ ತಂಡಕ್ಕೆ ಹೇಳುತ್ತೇವೆ. ಖುಷಿಯಾಗಿ ಹೊರಟವರಿಗೆ ಹೇಳುವ ಮಾತಲ್ಲ. ಬರೀ ‘ಕಟ್ಟು’ ಅಂದರೆ ಬುತ್ತಿಗೆ, ಪೊಟ್ಟಣಕ್ಕೆ ಸರಿ. ಜಿಪ್ ಎಳೆಯುವ ಬ್ಯಾಗಿಗೆ ಹೊಂದುವುದಿಲ್ಲ. ‘ತುಂಬು’ ಅಂದರೆ ರಾಗಿ ಚೀಲ ಕಣ್ಣಿಗೆ ಬರುತ್ತದೆ. ಮನೆಯಲ್ಲಿ ನಾವು ನಿಜವಾಗಿ ಆಡುವ ಮಾತು ‘ಇಟ್ಟುಕೊ’. ‘ಟವೆಲ್ ಇಟ್ಕೊಂಡ್ಯಾ?’, ‘ಬಿಪಿ ಮಾತ್ರೆ ಇಟ್ಕೊಂಡ್ರಾ?’ ಅಂತಲೇ ಕೇಳುತ್ತೇವೆ, ಅಲ್ವಾ? ಅದಕ್ಕೇ ತಲೆಬರಹ ‘ಬ್ಯಾಗಿನಲ್ಲಿ ಏನೇನು ಇಟ್ಟುಕೊಳ್ಳಬೇಕು’ ಅಂತ ಹಾಕಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ.

ಎರಡನೆಯದು ಬ್ಯಾಟರಿ. ನಮ್ಮ ಕಡೆ ಹಿರಿಯರು ಟಾರ್ಚಿಗೂ ಬ್ಯಾಟರಿ ಅನ್ನುತ್ತಾರೆ. ಅಂಡಮಾನಿನಲ್ಲಿ ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲಾಗುತ್ತಾ ಬರುತ್ತದೆ. ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಟಾರ್ಚ್ ಬೇಕೇ ಬೇಕು. ಇನ್ನೊಂದು ಕಡೆ, ಪವರ್ ಬ್ಯಾಂಕನ್ನು ಕೌಂಟರಿನಲ್ಲಿ ಒಪ್ಪಿಸುವ ಬ್ಯಾಗಿನಲ್ಲಿ ಇಡುವ ಹಾಗಿಲ್ಲ, ಜೊತೆಯಲ್ಲೇ ಒಯ್ಯಬೇಕು. ‘ಬ್ಯಾಟರಿ ಜೊತೆಯಲ್ಲಿರಲಿ’ ಅಂತ ಬರೆದರೆ ಟಾರ್ಚ್ ಕೈಗೆ ಬರುತ್ತದೆ, ಪವರ್ ಬ್ಯಾಂಕ್ ದೊಡ್ಡ ಬ್ಯಾಗಿಗೆ ಹೋಗುತ್ತದೆ! ‘ಮೊಬೈಲ್ ಚಾರ್ಜ್ ಮಾಡುವ ಡಬ್ಬಿ’ ಅಂದರೆ ತಿಳಿಯುತ್ತದೆಯೇ?

ಕೊಬ್ಬರಿಯದ್ದೂ ಇದೇ ಕಥೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತಿಕೊಳ್ಳಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಮೈಸೂರು ಕಡೆ ಕೊಬ್ಬರಿ ಅಂದರೆ ಒಣಗಿದ್ದೇ, ಹಸಿಯದು ಕಾಯಿ. ಉತ್ತರ ಕರ್ನಾಟಕದವರು ಹಸಿ ಕೊಬ್ಬರಿ ಅಂತಲೂ ಅನ್ನುತ್ತಾರೆ. ತಂಡದಲ್ಲಿ ಎರಡೂ ಕಡೆಯವರಿದ್ದಾರೆ. ‘ಒಣ ಕೊಬ್ಬರಿ’ ಅಂತ ಬಿಡಿಸಿ ಬರೆಯುವುದೇ ವಾಸಿ.

ನನಗೆ ಜಾಸ್ತಿ ಚಿಂತೆ ಇರುವುದು ಹವಳದ್ದು. ನೀಲ್ ದ್ವೀಪದಲ್ಲಿ (2018ರಿಂದ ಅದರ ಹೆಸರು ಶಹೀದ್ ದ್ವೀಪ) ಕಲ್ಲಿನ ಸೇತುವೆಯಂಥ ಜಾಗವೊಂದಿದೆ. ಸಮುದ್ರದ ನೀರು ಇಳಿದಾಗ ಅಲ್ಲಿಗೆ ನಡೆದು ಹೋಗುತ್ತಾರೆ. ಕಾಲಡಿ ಚೂಪು ಕಲ್ಲು, ಸತ್ತ ಹವಳ. ಹಿಡಿತ ಇರುವ ಚಪ್ಪಲಿ ಇಟ್ಟುಕೊಳ್ಳಿ ಅಂತ ಅದಕ್ಕೇ ಬರೆದೆ. ಅದರ ಕೆಳಗೆ ‘ಹವಳದ ಮೇಲೆ ಕಾಲಿಡಬೇಡಿ, ಹವಳ ತರಬೇಡಿ’ ಅಂತಲೂ ಸೇರಿಸಿದೆ. ಓದಿದ ಅಜ್ಜಿಯೊಬ್ಬರು ಕೇಳಿದರು: ‘ಹಾಗಾದ್ರೆ ಕೊರಳಿನ ಹವಳದ ಸರ ಬಿಚ್ಚಿಟ್ಟು ಬರಬೇಕಾ?’

ಅವರ ಪ್ರಶ್ನೆ ಸರಿಯಾಗಿಯೇ ಇದೆ. ನಮಗೆ ಹವಳ ಅಂದರೆ ಕೆಂಪು ಮಣಿ. ನಾನು ಹೇಳಬೇಕಾದ್ದು ಪುಟ್ಟ ಪುಟ್ಟ ಜೀವಿಗಳು ಸೇರಿ ಸಮುದ್ರದಲ್ಲಿ ಕಟ್ಟಿದ ಗೂಡಿನ ಬಗ್ಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ದಡದಲ್ಲಿ ಬಿದ್ದ ತುಂಡನ್ನೂ ಬ್ಯಾಗಿಗೆ ಹಾಕಿಕೊಳ್ಳುವ ಹಾಗಿಲ್ಲ. ‘ಹವಳದ ಬಂಡೆ’, ‘ಹವಳದ ದಿಬ್ಬ’ ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ. ಆದರೆ ಬಂಡೆ ಅಂದ ಮೇಲೆ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ದಿಬ್ಬವೂ ಅಷ್ಟೇ, ಅದರಲ್ಲಿ ಜೀವ ಕಾಣುವುದಿಲ್ಲ. ‘ಹವಳದ ಹುತ್ತ’ ಅಂದರೆ ಹೇಗೆ? ಒಳಗೆ ಜೀವ ಇದೆ, ತುಳಿಯಬಾರದು ಅನ್ನುವ ಎರಡೂ ಭಾವ ಹುತ್ತದಲ್ಲಿದೆ. ಕೇಳುವವರಿಗೆ ಹಾವಿನ ಭಯ ಬರುತ್ತದೆಯೋ ಅಂತ ಒಂದು ಅಳುಕೂ ಇದೆ.

ಕರಾವಳಿಯವರಿಗೆ ಒಂದು ಕೋರಿಕೆ. ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಅಲ್ಲಿ ಬಲೆ ಬೀಸುವವರು, ಬೋಟು ನಡೆಸುವವರು ಅದನ್ನು ಏನಂತ ಕರೆಯುತ್ತಾರೆ? ಅವರ ಬಾಯಲ್ಲಿ ಒಂದು ಪದ ಇದ್ದರೆ ನಾನು ಅದನ್ನೇ ಬಳಸುತ್ತೇನೆ. ಡಿಸೆಂಬರ್ ಕೊನೆಯ ವಾರ ಹಾಳೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ತಿಳಿಸಿ.