ಟೆಂಡನ್ ಹೊಲಿಗೆಗೆ ಸುತ್ತುವ ಪಿಎಲ್‌ಜಿಎ ಪೊರೆ: ಮದ್ದು ಬೇಗ ಹೊರಬರುತ್ತದೆ, ಪೊರೆಯೂ ಮುದುಡುತ್ತದೆ

ಎಳೆಪೊರೆ (ಪ್ರಶ್ನೆ):
ಮೊಲದ ಪಾದದ ಫ್ಲೆಕ್ಸರ್ ಟೆಂಡನ್ (ಬೆರಳು ಬಾಗಿಸುವ ಸ್ನಾಯುರಜ್ಜು) ಹೊಲಿದ ಜಾಗಕ್ಕೆ ಸುತ್ತಲು ಐಬುಪ್ರೊಫೇನ್ ಸೇರಿಸಿದ ಪೊರೆ ಮಾಡುತ್ತಿದ್ದೇವೆ. ಟೆಂಡನ್ ಸುತ್ತಲಿನ ಕವಚಕ್ಕೆ ಅಂಟಿಕೊಳ್ಳಬಾರದು, ಮದ್ದು ಎರಡು ಮೂರು ವಾರ ನಿಧಾನಕ್ಕೆ ಬರಬೇಕು ಎಂಬುದು ಉದ್ದೇಶ. ಪಿಎಲ್‌ಜಿಎ 50:50 (ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲಗಳ ಸಮಪಾಲಿನ, ದೇಹದಲ್ಲಿ ಕರಗುವ ಪಾಲಿಮರ್), ಎಚ್‌ಎಫ್‌ಐಪಿ ದ್ರಾವಕದಲ್ಲಿ 15%, ಮದ್ದು ಪಾಲಿಮರ್ ತೂಕದ 5%. ಎಲೆಕ್ಟ್ರೋಸ್ಪಿನ್ನಿಂಗ್ (ವಿದ್ಯುತ್ ಬಲದಿಂದ ದ್ರಾವಣವನ್ನು ಸೂಕ್ಷ್ಮ ಎಳೆಗಳಾಗಿ ಎಳೆಯುವುದು) 15 ಕಿಲೋವೋಲ್ಟ್, ಗಂಟೆಗೆ 1 ಮಿ.ಲೀ., ದೂರ 15 ಸೆಂ.ಮೀ. ಪೊರೆ ಸುಮಾರು 100 ಮೈಕ್ರಾನ್ ದಪ್ಪ. 37 ಡಿಗ್ರಿ ಪಿಬಿಎಸ್‌ನಲ್ಲಿ (ದೇಹದ್ರವದಂಥ ಉಪ್ಪಿನ ಬಫರ್) ಇಟ್ಟರೆ ಮೊದಲ ದಿನವೇ ಅರ್ಧಕ್ಕಿಂತ ಹೆಚ್ಚು ಮದ್ದು ಹೊರಗೆ, ಪೊರೆಯೂ ಮುದುಡಿ ಚಿಕ್ಕದಾಗುತ್ತದೆ. ಲ್ಯಾಕ್ಟಿಕ್ ಪಾಲು ಹೆಚ್ಚಿರುವ 85:15ಕ್ಕೆ ಬದಲಿಸಿದರೆ ಸಾಕೇ?

ಪಾಲಿಮರ್ ಮೇಜು:
ಅದೊಂದೇ ಸಾಲದು. ಮುದುಡುವುದಕ್ಕೂ ಮದ್ದು ಸೋರುವುದಕ್ಕೂ ದೊಡ್ಡ ಕಾರಣ ಗ್ಲಾಸ್ ಟ್ರಾನ್ಸಿಷನ್ ತಾಪಮಾನ (ಟಿಜಿ), ಅಂದರೆ ಗಟ್ಟಿ ಪಾಲಿಮರ್ ಮೆತ್ತಗಾಗುವ ತಾಪಮಾನ. ಒಣಗಿದ 50:50ಕ್ಕೆ ಅದು 45–50 ಡಿಗ್ರಿ. ನೀರು ಹೊಕ್ಕರೆ ಹತ್ತು ಡಿಗ್ರಿಯಷ್ಟಾದರೂ ಇಳಿಯುತ್ತದೆ. ಐಬುಪ್ರೊಫೇನ್ ತಾನೇ ಪ್ಲಾಸ್ಟಿಸೈಸರ್ (ಪಾಲಿಮರನ್ನು ಮೆತ್ತಗಾಗಿಸುವ ವಸ್ತು), ಇನ್ನಷ್ಟು ಇಳಿಸುತ್ತದೆ. ಹಾಗಾಗಿ 37 ಡಿಗ್ರಿಯಲ್ಲಿ ಎಳೆಗಳು ಮೆತ್ತಗಾಗಿ, ಸ್ಪಿನ್ನಿಂಗ್ ಹೊತ್ತಿಗೆ ಎಳೆದು ಉದ್ದವಾಗಿದ್ದ ಸರಪಳಿಗಳು ಮತ್ತೆ ಸುರುಳಿಯಾಗುತ್ತವೆ. ಮೆತ್ತಗಾದ ಎಳೆಯಿಂದ ಮದ್ದು ಹೊರಬರುವುದೂ ಸುಲಭ. 85:15ರಲ್ಲಿ ಕರಗುವ ಕಾಲ ಒಂದೆರಡು ತಿಂಗಳಿಂದ ಐದಾರು ತಿಂಗಳಿಗೆ ಹೋಗುತ್ತದೆ, ಆದರೆ ಟಿಜಿ ಏರುವುದು ಅಲ್ಪ. ಮದ್ದಿಲ್ಲದ ಪೊರೆಯನ್ನೂ ಅದೇ ಪಿಬಿಎಸ್‌ನಲ್ಲಿ ಇಟ್ಟು, ಎರಡಕ್ಕೂ ಒದ್ದೆ ಸ್ಥಿತಿಯಲ್ಲೇ ಡಿಎಸ್‌ಸಿ (ಬಿಸಿ ಮಾಡುತ್ತಾ ಟಿಜಿ ಅಳೆಯುವ ಪರೀಕ್ಷೆ) ಮಾಡಿ. ಮುದುಡುವಿಕೆಯಲ್ಲಿ ಮದ್ದಿನ ಪಾಲು ಎಷ್ಟು ಎಂಬುದು ಗೊತ್ತಾಗುತ್ತದೆ.

ಕೋಆಕ್ಸಿಯಲ್ ಸೂಜಿಗೆ (ಒಂದರೊಳಗೊಂದು ಕೊಳವೆ ಇರುವುದು) ಹೋಗಿ ಎನ್ನುವುದು ನನ್ನ ಸಲಹೆ. ಒಳಗೆ ಪಿಎಲ್‌ಜಿಎ ಮತ್ತು ಮದ್ದು, ಗಂಟೆಗೆ 0.2–0.3 ಮಿ.ಲೀ. ಹೊರಗೆ ಮದ್ದಿಲ್ಲದ ಪಾಲಿಡಯಾಕ್ಸನೋನ್, 0.8–1 ಮಿ.ಲೀ. ಇದು ಪಿಡಿಎಸ್ ಹೊಲಿಗೆ ದಾರದ ಪಾಲಿಮರ್. ಎಚ್‌ಎಫ್‌ಐಪಿಯಲ್ಲೇ ಕರಗುತ್ತದೆ, ಅದರ ಹರಳುಗಳು 37 ಡಿಗ್ರಿಯಲ್ಲಿ ಕರಗದೆ ಆಕಾರ ಹಿಡಿದಿಡುತ್ತವೆ, ದೇಹ ಅದನ್ನು ಸುಮಾರು ಆರೇಳು ತಿಂಗಳಲ್ಲಿ ಹೀರಿಕೊಳ್ಳುತ್ತದೆ. ಆದರೆ ಅದರ ಟಿಜಿ ಸೊನ್ನೆಗಿಂತ ಕೆಳಗಿರುವುದರಿಂದ ಅದರ ಮೂಲಕವೂ ಮದ್ದು ಹಾಯುತ್ತದೆ. ಬರ್ಸ್ಟ್ (ಮೊದಲಿಗೇ ಒಮ್ಮೆಲೇ ಮದ್ದು ಹೊರಬರುವುದು) ಕಡಿಮೆಯಾದೀತು, ಪೂರ್ತಿ ನಿಲ್ಲದು. ಒಳಗಿನ ಹರಿವು ಹೆಚ್ಚಾದರೆ ಮಣಿಗಳು ಬೀಳುತ್ತವೆ, ಮದ್ದು ಮೇಲ್ಮೈಗೆ ಬರುತ್ತದೆ. ಒಳದ್ರಾವಣಕ್ಕೆ ಸ್ವಲ್ಪ ರೋಡಮೈನ್ ಬಣ್ಣ ಹಾಕಿ ಕಾನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಪದರ ಸರಿಯಾಗಿದೆಯೇ ತಿಳಿಯುತ್ತದೆ. ಉಳಿದ ದ್ರಾವಕವೂ ಪಾಲಿಮರನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಕನಿಷ್ಠ 48 ಗಂಟೆ ನಿರ್ವಾತದಲ್ಲಿ, ಕೋಣೆಯ ತಾಪಮಾನದಲ್ಲೇ ಒಣಗಿಸಿ. ಬೇಗ ಆಗಲಿ ಎಂದು ಓವನ್‌ನಲ್ಲಿ ಇಡಬೇಡಿ. ಎಚ್‌ಎಫ್‌ಐಪಿ ಆವಿ ಕಣ್ಣಿಗೆ ಬಹಳ ಕೆಟ್ಟದ್ದು, ಎಲ್ಲವೂ ಫ್ಯೂಮ್ ಹುಡ್‌ನಲ್ಲೇ ಆಗಲಿ.

ಹ್ಯಾಂಡ್ ಸರ್ಜರಿ:
ನನಗೆ ಮದ್ದಿಗಿಂತ 100 ಮೈಕ್ರಾನ್ ಹೆಚ್ಚು ಚಿಂತೆ ತರಿಸುತ್ತದೆ. ಬೆರಳಿನ ಎರಡನೇ ವಲಯದಲ್ಲಿ ಎ2, ಎ4 ಪುಲ್ಲಿಗಳ (ಟೆಂಡನ್ ಅನ್ನು ಮೂಳೆಗೆ ಒತ್ತಿ ಹಿಡಿಯುವ ಪಟ್ಟಿಗಳು) ಕೆಳಗೆ ಜಾಗವೇ ಇಲ್ಲ. ಹೊಲಿಗೆಯ ಗಂಟೇ ಅಲ್ಲಿ ಉಜ್ಜುತ್ತದೆ. ಅದರ ಮೇಲೆ ಪೊರೆಯ ಎರಡು ಸುತ್ತು ಬಂದರೆ ಅಂಟು ತಡೆಯಲು ಹಾಕಿದ್ದೇ ಜಾರುವಿಕೆಗೆ ಅಡ್ಡಿ. 50 ಮೈಕ್ರಾನ್‌ಗಿಂತ ತೆಳುವಾದ, ಒಂದೇ ಸುತ್ತಿನ ಪೊರೆ ಇರಲಿ. ಅಂಚು ಒಂದರ ಮೇಲೊಂದು ಬರುವುದು ಆದಷ್ಟೂ ಕಡಿಮೆ ಇರಲಿ. ಅಂಚನ್ನು ಎಪಿಟೆನನ್‌ಗೆ (ಟೆಂಡನ್‌ನ ಹೊರಪದರ) ತೆಳುವಾದ ದಾರದ ಒಂದೆರಡು ಹೊಲಿಗೆಯಿಂದ ಹಿಡಿಸಿ. ಅದು ಜಾರಿ ಒಂದೆಡೆ ಮುದ್ದೆಯಾದರೆ ಪುಲ್ಲಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಕಾಲದ ಮಾತು. ಉರಿಯೂತದ ಹಂತ ಮೊದಲ ವಾರದ್ದು. ಆಮೇಲೆ ಫೈಬ್ರೋಬ್ಲಾಸ್ಟ್‌ಗಳು ಕೊಲಾಜನ್ ಹಾಕುತ್ತವೆ, ಇದು ಸುಮಾರು ಆರು ವಾರದವರೆಗೆ. ಐಬುಪ್ರೊಫೇನ್ ಈ ಎರಡನೆಯ ಹಂತದೊಳಕ್ಕೆ ಬಹಳ ದೂರ ಹೋದರೆ ಅಂಟಿನ ಜೊತೆಗೆ ಬೇಕಾದ ಗಾಯ ಮಾಯುವಿಕೆಯೂ ಕುಂಠಿತವಾಗಬಹುದು. ಹಾಗಾಗಿ ಮೊದಲ ದಿನಗಳಲ್ಲಿ ಸ್ವಲ್ಪ ಜಾಸ್ತಿ, ಎರಡನೇ ವಾರದ ಕೊನೆಗೆ ಬಹುತೇಕ ಮುಗಿಯುವ ಬಿಡುಗಡೆ ಒಳ್ಳೆಯದು. ಬರ್ಸ್ಟ್ ಅನ್ನು ಸೊನ್ನೆಗೆ ತರಲು ಹೆಣಗಬೇಡಿ.

ಬರೀ ಹೊಲಿಗೆ, ಮದ್ದಿಲ್ಲದ ಪೊರೆ, ಮದ್ದಿನ ಪೊರೆ ಎಂದು ಮೂರು ಗುಂಪುಗಳು ಬೇಕೇ ಬೇಕು, ಏಕೆಂದರೆ ಪಿಎಲ್‌ಜಿಎ ಒಡೆದಾಗ ಬರುವ ಆಮ್ಲವೇ ಉರಿಯೂತ ತರಬಲ್ಲದು. 3 ಮತ್ತು 6 ವಾರಕ್ಕೆ ಕೀಲಿನ ಬಾಗುವಿಕೆಯ ಜೊತೆ ಹೊಲಿಗೆ ಕಿತ್ತುಬರುವ ಬಲವನ್ನೂ ಅಳೆಯಿರಿ. ಅಂಟು ಕಡಿಮೆಯಾಗಿ ಬಲವೂ ಕುಸಿದಿದ್ದರೆ ಆ ಪೊರೆಯಿಂದ ರೋಗಿಗೆ ಉಪಕಾರವಿಲ್ಲ.

ರಿಲೀಸ್ ಲ್ಯಾಬ್:
ನಿಮ್ಮ ಸಂಖ್ಯೆಗಳು ಸ್ಟೆರಿಲೈಸ್ ಮಾಡದ ಪೊರೆಯವು ಅನ್ನಿಸುತ್ತದೆ. ಆಟೋಕ್ಲೇವ್ ಆಗದು. ಗಾಮಾ 25 ಕಿಲೋಗ್ರೇ ಕೊಟ್ಟರೆ ಅಣುತೂಕ ಇಳಿದು ಪೊರೆ ಬೇಗ ಒಡೆಯುತ್ತದೆ. ಎಥಿಲೀನ್ ಆಕ್ಸೈಡ್‌ನ 55 ಡಿಗ್ರಿ ಸೈಕಲ್‌ನಲ್ಲಿ ಪಿಎಲ್‌ಜಿಎ ಎಳೆಗಳು ಬೆಸೆದುಕೊಳ್ಳುತ್ತವೆ, 37 ಡಿಗ್ರಿಯದನ್ನು ಕೇಳಿ. ಅದರಲ್ಲೂ ತೇವ ಇರುವುದರಿಂದ ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ) ನೋಡಿಯೇ ಮುಂದುವರಿಯಿರಿ, ಅನಿಲ ಹೊರಹೋಗಲು ಸಾಕಷ್ಟು ಏರೇಷನ್ ಕೊಡಿ. ಬಿಡುಗಡೆ, ಮುದುಡುವಿಕೆ, ಬಲ ಎಲ್ಲವನ್ನೂ ಇದಾದ ಮೇಲಿನ ಪೊರೆಯಲ್ಲೇ ಅಳೆಯಬೇಕು.

ಮಾದರಿ 1, 3, 6, 12, 24 ಗಂಟೆಗೆ ತೆಗೆಯಿರಿ, ಆಮೇಲೆ ದಿನ ಬಿಟ್ಟು ದಿನ. ತೆಗೆದಷ್ಟೇ ಹೊಸ ಬಫರ್ ಹಾಕಿ, ತೆಗೆದ ಮದ್ದನ್ನು ಲೆಕ್ಕಕ್ಕೆ ಕೂಡಿಸಿ. ಪ್ರತಿ ಸಲ ಪಿಎಚ್ ಬರೆದಿಡಿ: ಅದು ಇಳಿದರೆ ಐಬುಪ್ರೊಫೇನ್ ಕರಗುವಿಕೆ ತಗ್ಗಿ, ಬಿಡುಗಡೆ ನಿಧಾನವಾದಂತೆ ತಪ್ಪಾಗಿ ಕಾಣುತ್ತದೆ.

ಎಳೆಪೊರೆ:
ಹೊರಪದರಕ್ಕೆ ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್ ಪಾಲಿಮರ್) ನಮ್ಮಲ್ಲೇ ಇದೆ. ಅದನ್ನೇ ಬಳಸಬಹುದೇ?

ಪಾಲಿಮರ್ ಮೇಜು:
ಮುದುಡುವುದು ನಿಲ್ಲುತ್ತದೆ, ಸ್ಪಿನ್ನಿಂಗ್ ಕೂಡ ಸುಲಭ. ಆದರೆ ಪಿಸಿಎಲ್ ಪೂರ್ತಿ ಹೋಗಲು ಎರಡು ವರ್ಷ ಅಥವಾ ಹೆಚ್ಚು ಬೇಕು. ಸೂಜಿ, ಹರಿವು ಹೊಂದಿಸಿಕೊಳ್ಳುವವರೆಗೆ ಬಳಸಿ. ಮೊಲಕ್ಕೆ ಹೋಗುವ ಪೊರೆ ಪಾಲಿಡಯಾಕ್ಸನೋನ್‌ನದ್ದೇ ಇರಲಿ. ತೇವಕ್ಕೆ ಅದು ಬೇಗ ಹಾಳಾಗುತ್ತದೆ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಮೊಹರು ಮಾಡಿ −20 ಡಿಗ್ರಿಯಲ್ಲಿ ಇಡಿ, ಕೋಣೆಯ ತಾಪಮಾನಕ್ಕೆ ಬಂದ ಮೇಲಷ್ಟೇ ಪೊಟ್ಟಣ ಬಿಚ್ಚಿ.